ಎಲ್ಲದಕ್ಕೂ ‘ಇಲ್ಲ’ ಎಂದಿದ್ದ ಅರ್ಜಿ

ಅಮೆರಿಕದ ಪೌರತ್ವಕ್ಕೆ ಹಾಕುವ ಅರ್ಜಿಯ ಕೊನೆಯ ಪುಟಗಳಲ್ಲಿ ಕೆಲವು ಪ್ರಶ್ನೆಗಳಿವೆ. ನೀವು ಎಂದಾದರೂ ಭಯೋತ್ಪಾದಕರ ಗುಂಪಿನಲ್ಲಿದ್ದಿರಾ? ಯಾರಿಗಾದರೂ ಚಿತ್ರಹಿಂಸೆ ಕೊಟ್ಟಿದ್ದೀರಾ? ಕುಡಿತದ ಚಟವಿತ್ತೇ? ವೇಶ್ಯಾವೃತ್ತಿ ಮಾಡಿದ್ದೀರಾ? ಪ್ರಪಂಚದ ಯಾವುದೇ ಊರಿನಲ್ಲಿ, ಯಾವುದೇ ಕಾರಣಕ್ಕೆ, ಪೊಲೀಸರು ನಿಮ್ಮನ್ನು ಬಂಧಿಸಿದ್ದರೇ? ಒಂದೊಂದರ ಮುಂದೆಯೂ ಹೌದು, ಇಲ್ಲ ಎಂದು ಎರಡು ಚೌಕ.

ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್‌ನ ಒಂದು ಮನೆಯಲ್ಲಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನಾನು ಆ ಪುಟಗಳಿಗೆ ಬಂದಾಗ ಎದುರಿಗೆ ಅರ್ಜಿ ಹಾಕುತ್ತಿದ್ದ ಆಂಟಿ ಕೂತಿದ್ದರು. ಅರವತ್ತೆಂಟು ವರ್ಷ. ಮೈಸೂರಿನವರು. ಪಕ್ಕದಲ್ಲಿ ಅವರ ಅಳಿಯ, ನೋವೈಯಲ್ಲಿ ಕಾರಿನ ಬ್ರೇಕು ವಿನ್ಯಾಸ ಮಾಡುವ ಎಂಜಿನಿಯರ್. ಅಳಿಯನ ಮುಂದೆ ಅತ್ತೆಗೆ ‘ವೇಶ್ಯಾವೃತ್ತಿ ಮಾಡಿದ್ದೀರಾ’ ಎಂದು ಕನ್ನಡದಲ್ಲಿ ಕೇಳುವುದು ಹೇಗೆ? ಇಂಗ್ಲಿಷಿನಲ್ಲಾದರೆ ಅದು ಬರೀ ಪ್ರಶ್ನೆ. ಕನ್ನಡದಲ್ಲಿ ಕೇಳಿದರೆ ಕೆನ್ನೆಗೆ ಹೊಡೆದ ಹಾಗೆ.

“ಇದ್ರಲ್ಲಿ ಏನು ಕೇಳ್ತಾರೆ?” ಎಂದರು ಆಂಟಿ.

“ಇವೆಲ್ಲ ಕೆಟ್ಟವರಿಗೆ ಕೇಳೋ ಪ್ರಶ್ನೆ ಆಂಟಿ. ನಿಮಗಲ್ಲ.”

“ಎಲ್ಲಾ ನೋ ಹಾಕ್ಬಿಡಿ ಸರ್,” ಎಂದ ಅಳಿಯ.

ಹಾಕಿಬಿಟ್ಟೆ. ಮೇಲಿನಿಂದ ಕೆಳಗೆ ಇಲ್ಲ, ಇಲ್ಲ, ಇಲ್ಲ. ಎರಡು ನಿಮಿಷವೂ ಹಿಡಿಯಲಿಲ್ಲ. ಪ್ರಿಂಟ್ ತೆಗೆದ ಅರ್ಜಿಯ ಕೊನೆಯಲ್ಲಿ ದುಭಾಷಿಯೂ ಸಹಿ ಹಾಕಬೇಕು: ‘ಪ್ರತಿಯೊಂದು ಪ್ರಶ್ನೆಯನ್ನೂ ಅರ್ಜಿದಾರರಿಗೆ ಅವರ ಭಾಷೆಯಲ್ಲಿ ಓದಿ ಹೇಳಿದ್ದೇನೆ’ ಎಂದು. ಅದಕ್ಕೂ ಸಹಿ ಹಾಕಿದೆ. ಆಂಟಿ ತಮ್ಮ ಸಹಿಯನ್ನು ಕನ್ನಡದಲ್ಲಿ ಗುಂಡಗೆ ಬರೆದು, ನನಗೆ ಇನ್ನೊಂದು ಸೌಟು ಅವಲಕ್ಕಿ ಬಡಿಸಿದರು. ಸಂಕೋಚವಿಲ್ಲದೆ ತಿಂದೆ.

ನಾನು ದುಭಾಷಿ. ಬೇರೆ ರಾಜ್ಯದಲ್ಲಿ, ಕ್ಯಾಂಟನ್‌ನಿಂದ ನಾಲ್ಕೂವರೆ ಗಂಟೆ ದೂರದ ಲಿಸ್ಲ್‌ನಲ್ಲಿ ಮನೆ. ಆಸ್ಪತ್ರೆ, ಕೋರ್ಟು, ಇಮಿಗ್ರೇಷನ್ ಕಚೇರಿ, ಎಲ್ಲಿ ಕನ್ನಡ ಮಾತ್ರ ಬಲ್ಲವರು ಸಿಕ್ಕಿಬೀಳುತ್ತಾರೋ ಅಲ್ಲಿಗೆ ಹೋಗುತ್ತೇನೆ. ಗ್ರೀನ್ ಕಾರ್ಡ್ ಸಿಕ್ಕಿ ಹದಿನೈದು ವರ್ಷವಾಗಿ, ವಯಸ್ಸು ಐವತ್ತೈದು ದಾಟಿದ್ದರೆ ಪೌರತ್ವದ ಪರೀಕ್ಷೆಯನ್ನು ತಮ್ಮ ಭಾಷೆಯಲ್ಲೇ ಕೊಡಬಹುದು. ಆಂಟಿಗೆ ಆ ಅವಕಾಶವಿತ್ತು. ಅವರಿಗೆ ಇಂಗ್ಲಿಷ್ ಅಂಗಡಿಯ ವ್ಯವಹಾರಕ್ಕೆ ಮಾತ್ರ ಸಾಕಾಗುತ್ತಿತ್ತು. ಅಳಿಯ ಯಾರಿಂದಲೋ ನನ್ನ ಹೆಸರು ಕೇಳಿ ಫೋನ್ ಮಾಡಿದ್ದ. ಅರ್ಜಿ ತುಂಬುವುದು, ಪರೀಕ್ಷೆಗೆ ತಯಾರು ಮಾಡುವುದು, ಸಂದರ್ಶನದಲ್ಲಿ ಪಕ್ಕದಲ್ಲಿ ಕೂತು ಅನುವಾದಿಸುವುದು, ಮೂರೂ ನನ್ನದೇ.

ಆಂಟಿಗೆ ಬೇಕಾಗಿದ್ದದ್ದು ಒಂದೇ. “ನವೆಂಬರ್ ಎಲೆಕ್ಷನ್ನಲ್ಲಿ ಓಟು ಹಾಕ್ಬೇಕು ಮೇಷ್ಟ್ರೇ. ಇಲ್ಲಿಗೆ ಬಂದು ಹದಿನಾರು ವರ್ಷ ಆಯ್ತು. ಅಲ್ಲೂ ಹಾಕಿಲ್ಲ, ಇಲ್ಲೂ ಹಾಕಿಲ್ಲ. ಯಾವ ಊರಿಗೂ ಸೇರದೆ ಕೂತಿದೀನಿ.” ಮೊದಲ ದಿನದಿಂದಲೇ ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು. ನನಗೂ ಒಳಗೊಳಗೇ ಖುಷಿ.

ಪಾಠ ಶನಿವಾರ ಬೆಳಿಗ್ಗೆ, ವಿಡಿಯೊದಲ್ಲಿ. ಅವರಿಗೆ ಹನ್ನೊಂದು ಗಂಟೆಯಾದರೆ ನನಗೆ ಹತ್ತು. ನೂರು ಪ್ರಶ್ನೆ, ಸಂದರ್ಶನದಲ್ಲಿ ಹತ್ತು ಕೇಳುತ್ತಾರೆ, ಆರು ಸರಿಯಾದರೆ ಪಾಸು. ನನ್ನ ಪದ್ಧತಿ ನಮ್ಮ ಊರಿನ ಮಗ್ಗಿಯ ಪದ್ಧತಿ. ನಾನು ಹೇಳಬೇಕು, ಅವರು ಒಪ್ಪಿಸಬೇಕು. ಸಂವಿಧಾನಕ್ಕೆ ಎಷ್ಟು ತಿದ್ದುಪಡಿ? ಇಪ್ಪತ್ತೇಳು. ಮೊದಲ ಹತ್ತಕ್ಕೆ ಏನನ್ನುತ್ತಾರೆ? ಹಕ್ಕುಗಳ ಮಸೂದೆ. ಕಾನೂನಿನ ಆಳ್ವಿಕೆ ಎಂದರೇನು? ಯಾರೂ ಕಾನೂನಿಗಿಂತ ದೊಡ್ಡವರಲ್ಲ.

ಆದರೆ ಆಂಟಿ ಗಿಣಿಪಾಠಕ್ಕೆ ಒಗ್ಗುವವರಲ್ಲ. “ಸಂವಿಧಾನ ಬರೆದವರ ಮನೇಲೇ ಗುಲಾಮರಿದ್ರಂತಲ್ಲ, ಮತ್ತೆ ಪ್ರಜೆಗಳು ಅಂತ ಯಾರನ್ನ ಲೆಕ್ಕಕ್ಕೆ ಹಿಡಿದ್ರು?” ಎಂದು ಕೇಳುತ್ತಿದ್ದರು. ಇನ್ನೊಂದು ದಿನ, “ಹಕ್ಕುಗಳನ್ನ ಆಮೇಲೆ ಯಾಕೆ ಸೇರಿಸಿದ್ರು? ಮೊದಲೇ ಯಾಕೆ ಬರೀಲಿಲ್ಲ?” ನನಗೆ ಉತ್ತರ ಅಲ್ಪಸ್ವಲ್ಪ ಗೊತ್ತಿತ್ತು. ಹಕ್ಕುಗಳನ್ನು ಬರೆದು ಕೊಡದೆ ನಿಮ್ಮ ಸರ್ಕಾರವನ್ನು ನಂಬುವುದಿಲ್ಲ ಎಂದು ಜನ ಪಟ್ಟು ಹಿಡಿದಿದ್ದರು ಎಂದು ಹೇಳಬಹುದಿತ್ತು. ಹೇಳಲಿಲ್ಲ. “ಅದು ಪರೀಕ್ಷೆಗೆ ಬರಲ್ಲ ಆಂಟಿ” ಎನ್ನುತ್ತಿದ್ದೆ.

ಒಂದು ಶನಿವಾರ ಸಂವಿಧಾನದ ಮೊದಲ ಮೂರು ಪದಗಳ ಪ್ರಶ್ನೆ ಬಂತು. ‘ನಾವು, ಈ ದೇಶದ ಜನರು’ ಎನ್ನುವ ಅರ್ಥದ ಮೂರು ಪದ. ಆಂಟಿಯ ಮುಖ ತಟ್ಟನೆ ಅರಳಿತು. “ನಮ್ಮದೂ ಹಾಗೇ ಅಲ್ವಾ? ‘ಭಾರತದ ಪ್ರಜೆಗಳಾದ ನಾವು’. ಇದನ್ನ ನಾನು ದೊಡ್ಡ ಗಡಿಯಾರದ ಮುಂದೆ ನಿಂತು ಓದಿದೀನಿ ಮೇಷ್ಟ್ರೇ. ಆವಾಗ ನನಗೆ ಹತ್ತೊಂಬತ್ತು ವರ್ಷ. ಏನಾಯ್ತು ಅಂದ್ರೆ…”

ಹನ್ನೊಂದೂವರೆಗೆ ನನಗೆ ಒಂದು ಆಸ್ಪತ್ರೆಯ ಕರೆ ಇತ್ತು. “ಅಷ್ಟು ಸಾಕು ಆಂಟಿ. ಆಫೀಸರ್ ಮುಂದೆ ಹೀಗೆ ಕಥೆ ಶುರು ಮಾಡ್ಬೇಡಿ. ಕೇಳಿದ್ದಕ್ಕೆ ಮಾತ್ರ ಉತ್ತರ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.”

ಅವರು ಸರಿ ಎಂದು ತಲೆಯಾಡಿಸಿ ಮುಂದಿನ ಪ್ರಶ್ನೆ ಕೇಳಿ ಎಂದರು.

ಜುಲೈನಲ್ಲಿ ಸಂದರ್ಶನದ ದಿನ ಬಂತು. ಹಿಂದಿನ ದಿನವೇ ಐ-94 ಹೆದ್ದಾರಿ ಹಿಡಿದು ಕ್ಯಾಂಟನ್‌ಗೆ ಹೋಗಿದ್ದೆ. ಬೆಳಿಗ್ಗೆ ಅಳಿಯ ನಮ್ಮಿಬ್ಬರನ್ನೂ ಡೆಟ್ರಾಯಿಟ್‌ನ ಕಚೇರಿಯಲ್ಲಿ ಬಿಟ್ಟ. ಆಂಟಿ ಮೈಸೂರು ರೇಷ್ಮೆ ಉಟ್ಟಿದ್ದರು. ಅಧಿಕಾರಿ ನಡುವಯಸ್ಸಿನ ಹೆಂಗಸು, ಮಾತು ಮೆದು, ಕಣ್ಣು ಮಾತ್ರ ಚುರುಕು. ಮೊದಲು ಆಂಟಿಯಿಂದ ಸತ್ಯ ಹೇಳುವ ಪ್ರಮಾಣ. ಆಮೇಲೆ ನನ್ನದು: ಹೇಳಿದ್ದನ್ನು ಹೇಳಿದ ಹಾಗೆಯೇ, ಏನನ್ನೂ ಸೇರಿಸದೆ, ಏನನ್ನೂ ಬಿಡದೆ ಅನುವಾದಿಸುತ್ತೇನೆ. ಆ ಪ್ರಮಾಣವನ್ನು ಅದೆಷ್ಟು ಸಲ ಮಾಡಿದ್ದೆನೋ. ಬಲಗೈ ತಾನಾಗಿಯೇ ಮೇಲೆ ಹೋಯಿತು.

ಪರೀಕ್ಷೆ ಸಲೀಸಾಗಿ ನಡೆಯಿತು. ಐದು ಪ್ರಶ್ನೆ, ಐದೂ ಸರಿ. ಆರನೆಯದು: ಮೊದಲನೇ ತಿದ್ದುಪಡಿ ಕೊಡುವ ಒಂದು ಹಕ್ಕನ್ನು ಹೇಳಿ. ನಾವು ‘ವಾಕ್ ಸ್ವಾತಂತ್ರ್ಯ’ ಎಂದು ಬಾಯಿಪಾಠ ಮಾಡಿದ್ದೆವು. ಆಂಟಿ ಅದನ್ನು ಹೇಳಲಿಲ್ಲ.

“ಸಭೆ ಸೇರೋ ಹಕ್ಕು,” ಎಂದರು. ಅಧಿಕಾರಿಯ ಮುಖವನ್ನೇ ನೋಡುತ್ತ ಮುಂದುವರಿಸಿದರು. “ಅದು ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಎಮರ್ಜೆನ್ಸೀಲಿ ಅದನ್ನ ಕಿತ್ಕೊಂಡಿದ್ರು. ಮೂರು ಜನ ಒಟ್ಟಿಗೆ ನಿಂತು ಸಂವಿಧಾನದ ಮೊದಲನೇ ಸಾಲು ಓದಿದ್ದಕ್ಕೆ ಮೈಸೂರಲ್ಲಿ ನನ್ನನ್ನ ಹನ್ನೊಂದು ದಿನ ಜೈಲಲ್ಲಿಟ್ಟಿದ್ರು.”

ಅಧಿಕಾರಿಯ ಮೇಜಿನ ಮೇಲೆ ನಾನು ತುಂಬಿದ ಅರ್ಜಿ ಇತ್ತು. ಅದರಲ್ಲಿ ಬಂಧನದ ಪ್ರಶ್ನೆಗೆ ‘ಇಲ್ಲ’. ಕೆಳಗೆ ಆಂಟಿಯ ಗುಂಡನೆಯ ಸಹಿ, ಅದರ ಕೆಳಗೆ ನನ್ನದು.

“ಸಭೆ ಸೇರುವ ಹಕ್ಕು,” ಎಂದು ಇಂಗ್ಲಿಷಿನಲ್ಲಿ ಹೇಳಿ ಸುಮ್ಮನಾದೆ.

ಅಧಿಕಾರಿ ಪೆನ್ನು ಎತ್ತಿ ನನ್ನನ್ನು ನೋಡಿದರು. “ಅವರು ತುಂಬ ಹೊತ್ತು ಮಾತಾಡಿದರಲ್ಲ?”

“ಅದನ್ನೇ ವಿವರಿಸುತ್ತಿದ್ದರು.”

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಆ ಗಾದೆಯನ್ನೇ ನೆಚ್ಚಿಕೊಂಡು ಬದುಕಿದವನು ನಾನು. ಅಧಿಕಾರಿ ಆರನೆಯದಕ್ಕೂ ಸರಿ ಗುರುತು ಹಾಕಿ, ಆಂಟಿ ಪಾಸಾದರು ಎಂದು ಹೇಳಿ, ಅರ್ಜಿಯ ಪುಟ ತಿರುಗಿಸತೊಡಗಿದರು.

ಅಲ್ಲಿ ನಿಲ್ಲಿಸಬಹುದಿತ್ತು. ‘ಅರ್ಜಿಯಲ್ಲಿ ಒಂದು ತಪ್ಪಾಗಿದೆ, ಅದು ನನ್ನದು’ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಅಧಿಕಾರಿ ಬಂಧನದ ಪ್ರಶ್ನೆಗೆ ಬಂದರು. ಪ್ರಪಂಚದ ಯಾವುದೇ ಭಾಗದಲ್ಲಿ, ಯಾವುದೇ ಕಾರಣಕ್ಕೆ ಎಂದು ಒತ್ತಿ ಓದಿದರು. ನಾನು ಆಂಟಿಯ ಕಡೆ ತಿರುಗಿ ಕೇಳಿದ್ದು ಇದು:

“ಆಂಟಿ, ಇಲ್ಲಿಗೆ ಬಂದಮೇಲೆ ನಿಮ್ಮ ಮೇಲೆ ಪೊಲೀಸ್ ಕೇಸು ಗೀಸು ಏನೂ ಇಲ್ವಲ್ಲ?”

“ಅಯ್ಯೋ, ಇಲ್ಲಪ್ಪ.”

“ಇಲ್ಲ,” ಎಂದು ಅನುವಾದಿಸಿದೆ. ಆ ಒಂದು ಪದವನ್ನು ಮಾತ್ರ ಅಂದು ನಾನು ಅಚ್ಚುಕಟ್ಟಾಗಿ ಅನುವಾದಿಸಿದ್ದು.

ಊಟದ ಮೇಜಿನ ಮುಂದೆ ಮಾಡಿದ್ದನ್ನು ಮರ್ಯಾದೆ ಎನ್ನಬಹುದು, ಬೇಕಾದರೆ ಸೋಮಾರಿತನ ಎನ್ನಿ. ಇದಕ್ಕೆ ಅಂಥ ಹೆಸರಿಲ್ಲ. ನನ್ನ ಸಹಿ ಉಳಿಸಿಕೊಳ್ಳಲು, ಪ್ರಮಾಣ ಮಾಡಿ ಕೂತಿದ್ದ ಮುದುಕಿಯ ಬಾಯಲ್ಲಿ ಸುಳ್ಳು ಹೇಳಿಸಿದೆ. ಆ ಸುಳ್ಳು ಹೊರಬಿದ್ದರೆ ಪೌರತ್ವ ಮಾತ್ರವಲ್ಲ, ಹದಿನಾರು ವರ್ಷದ ಗ್ರೀನ್ ಕಾರ್ಡಿಗೂ ಕುತ್ತು. ಇದನ್ನು ಇತರರಿಗೆ ಎಚ್ಚರಿಸಿ ಹೇಳುವುದೇ ನನ್ನ ಕೆಲಸವಾಗಿತ್ತು.

ಪಾರ್ಕಿಂಗ್ ಜಾಗದಲ್ಲಿ ಅಳಿಯನ ಕಾರಿಗೆ ಕಾಯುವಾಗ ಆಂಟಿ ಕೈಚೀಲದಿಂದ ಕೊಬ್ಬರಿ ಮಿಠಾಯಿ ತೆಗೆದು ಕೊಟ್ಟರು. “ಜೈಲಿನ ವಿಷಯ ಕೇಳಿ ಆಯಮ್ಮ ಏನಂದ್ರು?”

“ಏನೂ ಅನ್ಲಿಲ್ಲ ಆಂಟಿ.”

“ಏನೂ ಅನ್ಲಿಲ್ವಾ?” ಅವರಿಗೆ ಸ್ವಲ್ಪ ಬೇಸರವಾಯಿತು. “ಹೋಗ್ಲಿ ಬಿಡಿ. ಅವರಿಗೆ ದಿನಾ ಎಷ್ಟೊಂದು ಜನ.”

ಮಿಠಾಯಿ ಬಾಯಲ್ಲಿಟ್ಟುಕೊಂಡೇ ಇದ್ದೆ.

ಮುಂದಿನ ವಾರಗಳಲ್ಲಿ ಕೆಲಸಕ್ಕೇನೂ ಕಡಿಮೆಯಿರಲಿಲ್ಲ. ಯಾರದೋ ಮಂಡಿ ಶಸ್ತ್ರಚಿಕಿತ್ಸೆ, ಯಾರದೋ ವಿಮೆ. ದಿನಕ್ಕೆ ಎರಡು ಮೂರು ಸಲ ಕೈ ಎತ್ತಿ ‘ಏನನ್ನೂ ಬಿಡದೆ’ ಎನ್ನುತ್ತಿದ್ದೆ. ಹೇಳುವಾಗ ಎದುರಿನವರು ನನ್ನನ್ನೇ ಅಳೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅದೇ ಸ್ಥಿತಿ.

ಆಗಸ್ಟಿನಲ್ಲಿ ಆಂಟಿಯ ಫೋನ್. ಪೌರತ್ವದ ಪ್ರಮಾಣವಚನದ ಪತ್ರ ಬಂದಿದೆ, ಸೆಪ್ಟೆಂಬರಿನಲ್ಲಿ ದಿನ ಗೊತ್ತಾಗಿದೆ. “ಹಿಂದುಗಡೆ ಮತ್ತೆ ಏನೋ ಪ್ರಶ್ನೆ ಇದೆ ಮೇಷ್ಟ್ರೇ. ನೀವೇ ನೋಡಿ ಇಲ್ಲ ಅಂತ ಹಾಕ್ಬಿಡಿ.”

ಆ ಮಾತಿಗೆ ನಾನು ಸೋತುಹೋದೆ. ಸಂದರ್ಶನದ ನಂತರ ಏನಾದರೂ ಬದಲಾಗಿದೆಯೇ ಎಂದು ಕೇಳುವ ಪ್ರಶ್ನೆಗಳವು. ಹಾಕಿಕೊಡುವುದು ಸುಲಭವಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಂಟಿ ಓಟು ಹಾಕುತ್ತಿದ್ದರು, ನಾನು ಮೇಷ್ಟ್ರಾಗಿಯೇ ಉಳಿಯುತ್ತಿದ್ದೆ. ಆದರೆ ಇನ್ನೊಂದು ಸಲ ಅವರ ಗುಂಡನೆಯ ಸಹಿಯನ್ನು ನನ್ನ ಸುಳ್ಳಿನ ಕೆಳಗೆ ಹಾಕಿಸುವುದು ನನ್ನಿಂದಾಗಲಿಲ್ಲ. “ನಾನೇ ಬರ್ತೀನಿ ಆಂಟಿ” ಎಂದು, ಆ ಭಾನುವಾರ ಹೊರಟೆ. ಸುಮಾರು ಇನ್ನೂರೆಂಬತ್ತು ಮೈಲಿ. ದಾರಿಯುದ್ದಕ್ಕೂ ಒಳ್ಳೆಯ ಮಾತುಗಳನ್ನು ಜೋಡಿಸಿದೆ. ಮೇಜಿನ ಮುಂದೆ ಕೂತಾಗ ಒಂದೂ ನೆನಪಿಗೆ ಬರಲಿಲ್ಲ.

ಎಲ್ಲವನ್ನೂ ಹೇಳಿದೆ. ಅರ್ಜಿಯದ್ದು, ನುಂಗಿದ ಮಾತು, ತಿರುಚಿದ ಪ್ರಶ್ನೆ. ಅಳಿಯನ ಮುಖ ಕೆಂಪಾಯಿತು. “ನೀವು ಪ್ರೊಫೆಷನಲ್ ಅಂತ ಕರೆಸಿದ್ದು ಸರ್,” ಎಂದು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತ.

ಆಂಟಿ ಕೇಳಿದರು, “ಹಾಗಾದ್ರೆ ಆಯಮ್ಮನಿಗೆ ನಾನು ಹೇಳಿದ್ದು ಮುಟ್ಟೇ ಇಲ್ಲ?”

“ಇಲ್ಲ ಆಂಟಿ.”

“ಐವತ್ತು ವರ್ಷದಲ್ಲಿ ಸರ್ಕಾರದವರ ಎದುರಿಗೆ ಒಂದೇ ಸಲ ಅದನ್ನ ಬಾಯಿಬಿಟ್ಟು ಹೇಳಿದ್ದೆ.”

ನಾನು ತಲೆ ತಗ್ಗಿಸಿದೆ. ಬಯ್ದಿದ್ದರೆ ಹಗುರಾಗುತ್ತಿತ್ತು. ಅವರು ಬಯ್ಯುವ ಪೈಕಿಯಲ್ಲ. ಅರ್ಜಿಯ ಪ್ರತಿಯನ್ನು ನನ್ನ ಮುಂದಿಟ್ಟು, “ಅವತ್ತು ಕೇಳದೇ ಬಿಟ್ಟಿದ್ದನ್ನ ಈಗ ಕೇಳಿ. ಒಂದೂ ಬಿಡ್ಬೇಡಿ,” ಎಂದರು.

“ಎಲ್ಲಾನಾ?”

“ಎಲ್ಲಾ.”

ಕೇಳಿದೆ. ಯಾರಿಗಾದರೂ ಚಿತ್ರಹಿಂಸೆ ಕೊಟ್ಟಿದ್ದೀರಾ? ಇಲ್ಲ. ಕುಡಿತದ ಚಟವಿತ್ತೇ? ಇಲ್ಲ. ವೇಶ್ಯಾವೃತ್ತಿಯ ಪ್ರಶ್ನೆ ಬಂದಾಗ ನಿಲ್ಲಿಸಿ ಆಂಟಿಯ ಮುಖ ನೋಡಿದೆ. ಕಿಟಕಿಯ ಹತ್ತಿರ ಅಳಿಯ ಕೆಮ್ಮಿದ. “ಓದಿ,” ಎಂದರು ಆಂಟಿ. ಓದಿದೆ. “ಇಲ್ಲ. ಮುಂದಿನದು,” ಎಂದರು, ಸೊಪ್ಪಿನವಳಿಗೆ ಬೇಡ ಎಂದು ಹೇಳುವಷ್ಟು ಸಹಜವಾಗಿ. ಇಷ್ಟೇ ಇತ್ತು. ಇಷ್ಟಕ್ಕೆ ಹೆದರಿ ಮರ್ಯಾದೆಯ ಹೆಸರು ಹೇಳಿ ಹಾರಿಸಿಬಿಟ್ಟಿದ್ದೆ. ಬಂಧನದ ಪ್ರಶ್ನೆಗೆ ಬಂದಾಗ ಅವರು ನೆಟ್ಟಗೆ ಕೂತು ‘ಹೌದು’ ಎಂದರು.

“ತಿದ್ದೋಕೆ ಹೋದ್ರೆ ಕಷ್ಟ ಆಗ್ಬಹುದು ಅತ್ತೆ,” ಎಂದ ಅಳಿಯ. “ಈಗ ಸುಮ್ನಿದ್ರೆ ನಡೆದುಹೋಗುತ್ತೆ.”

“ಸಂವಿಧಾನವನ್ನೇ ಇಪ್ಪತ್ತೇಳು ಸಲ ತಿದ್ದಿದಾರಂತೆ. ನನ್ನದೊಂದು ಅರ್ಜಿ ತಿದ್ದೋಕಾಗಲ್ವಾ?”

ಮರುದಿನ ಒಬ್ಬ ವಕೀಲೆಯನ್ನು ಕಂಡೆವು. ಅವರು ನನ್ನ ಮುಖ ನೋಡದೆ ಮಾತಾಡಿದರು. ಇಮಿಗ್ರೇಷನ್ ಕಚೇರಿಯವರೇ ಪತ್ತೆ ಹಚ್ಚುವ ಮೊದಲು ನಾವಾಗಿಯೇ ಹೇಳಿಕೊಳ್ಳಬೇಕು, ಅದೊಂದೇ ದಾರಿ. ಆಂಟಿಯ ಹೇಳಿಕೆ ಬೇರೆ, ನನ್ನದು ಬೇರೆ. ನನ್ನದನ್ನು ವಕೀಲೆ ಮೂರು ಸಲ ವಾಪಸ್ ಕೊಟ್ಟರು. ಮೊದಲ ಸಲ ‘ಅನುವಾದದಲ್ಲಿ ಲೋಪವಾಯಿತು’ ಎಂದು ಬರೆದಿದ್ದೆ. “ಲೋಪ ತಾನಾಗಿ ಆಯಿತಾ?” ಎಂದು ಕೇಳಿದರು. ಕೊನೆಗೆ ‘ನಾನು ಬೇಕೆಂದೇ ಪ್ರಶ್ನೆಯನ್ನು ಬದಲಿಸಿ ಕೇಳಿದೆ’ ಎಂದು ಬರೆದು ಸಹಿ ಹಾಕಿದೆ. ಅದರ ಒಂದು ಪ್ರತಿ ನನಗೆ ಕೆಲಸ ಕೊಡುವ ಏಜೆನ್ಸಿಗೂ ಹೋಯಿತು. ಕೋರ್ಟು, ಇಮಿಗ್ರೇಷನ್ ಕೆಲಸಗಳಿಂದ ನನ್ನನ್ನು ತೆಗೆದರು. ತೆಗೆಯಬೇಕಾದದ್ದೇ.

ಸೆಪ್ಟೆಂಬರಿನ ಪ್ರಮಾಣವಚನ ರದ್ದಾಯಿತು. ಬಂಧನದ ದಾಖಲೆ ಕೊಡಿ ಎಂದು ಪತ್ರ ಬಂತು. ಮೈಸೂರಿನಲ್ಲಿ ಆಂಟಿಯ ತಮ್ಮ ಠಾಣೆಯಿಂದ ಠಾಣೆಗೆ ಅಲೆದರು. ಅಷ್ಟು ಹಳೆಯ ಕಾಗದ ಯಾರ ಬಳಿಯೂ ಇರಲಿಲ್ಲ. ದಾಖಲೆ ಇಲ್ಲ ಎಂಬುದಕ್ಕೇ ಒಂದು ದಾಖಲೆ ಬೇಕು ಎಂದರು ವಕೀಲೆ. ಅದು ಬರುವಷ್ಟರಲ್ಲಿ ನವೆಂಬರ್ ಕೊನೆಯ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಹತ್ತಿರವಾಗಿತ್ತು.

ಅಂದರೆ ಚುನಾವಣೆ ಮುಗಿದುಹೋಗಿತ್ತು. ಮತದಾನದ ದಿನ ಸಂಜೆ ತಡೆಯಲಾರದೆ ಫೋನ್ ಮಾಡಿದೆ. ಆಂಟಿ ಮಗಳ ಜೊತೆ ಮತಗಟ್ಟೆಯವರೆಗೆ ಹೋಗಿದ್ದರಂತೆ. “ನಾನು ಕಾರಲ್ಲೇ ಕೂತಿದ್ದೆ. ಅವಳು ಬೇಗ ಬಂದ್ಲು. ಒಳಗೆ ಅಷ್ಟೇನೂ ರಶ್ ಇರ್ಲಿಲ್ವಂತೆ.” ಆಗಸ್ಟಿನ ಆ ಭಾನುವಾರದ ನಂತರ ಅವರು ನನ್ನನ್ನು ಮೇಷ್ಟ್ರೇ ಎಂದು ಕರೆದಿರಲಿಲ್ಲ. ಫೋನ್ ಇಟ್ಟಮೇಲೆ ನನಗೆ ನಾಚಿಕೆಯಿಂದ ಅಳು ಬಂತು.

ಜನವರಿಯಲ್ಲಿ ಎರಡನೇ ಸಂದರ್ಶನ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ. ಬೇಕಾದರೆ ನನ್ನನ್ನೂ ಒಳಗೆ ಕರೆಯಬಹುದು ಎಂದು ವಕೀಲೆ ಹೇಳಿದ್ದರಿಂದ ಹೋಗಿದ್ದೆ. ಮಗಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ, ಅಳಿಯ ಊರಲ್ಲಿರಲಿಲ್ಲ. ಹಾಗಾಗಿ ಆಂಟಿಯನ್ನು ಕರೆದೊಯ್ಯುವ ಕೆಲಸವೂ ನನ್ನದಾಯಿತು. ಹೊಸ ದುಭಾಷಿ ನೇರ ಅಲ್ಲಿಗೇ ಬಂದಳು. ಇಲ್ಲೇ ಹುಟ್ಟಿ ಅಜ್ಜಿಯ ಕೈಯಲ್ಲಿ ಬೆಳೆದವಳು. ಅವಳ ಕನ್ನಡ ತಡವರಿಸುತ್ತಿತ್ತು. ಕಾಯುವ ಕೋಣೆಯಲ್ಲಿ ಆಂಟಿಯ ಹತ್ತಿರ, “ತುರ್ತು ಪರಿಸ್ಥಿತಿ ಅಂದ್ರೆ ಏನು ಆಂಟಿ? ನನಗೆ ಗೊತ್ತಿಲ್ಲ. ಸ್ವಲ್ಪ ನಿಧಾನ ಹೇಳಿ,” ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನನಗಿಂತ ಕಾಲುಭಾಗ ಕನ್ನಡವೂ ಬಾರದ ಹುಡುಗಿ, ನಾನು ಒಂದು ಸಲವೂ ಕೇಳದ ಪ್ರಶ್ನೆಯನ್ನು ಕೇಳಿದಳು.

ಮುಕ್ಕಾಲು ಗಂಟೆ ಹೊರಗೆ ಕೂತಿದ್ದೆ. ನನ್ನನ್ನು ಕರೆಯಲಿಲ್ಲ. ಆಂಟಿ ಹೊರಬಂದಾಗ ಜೊತೆಗಿದ್ದ ವಕೀಲೆ ಮೊದಲ ಬಾರಿಗೆ ನನ್ನ ಕಡೆ ನೋಡಿ ತಲೆಯಾಡಿಸಿದರು. ಅರ್ಜಿ ಮಂಜೂರಾಗಿದೆ, ಹೊಸ ದಿನಾಂಕ ಅಂಚೆಯಲ್ಲಿ ಬರುತ್ತದೆ.

ಕಾರಿನಲ್ಲಿ ಆಂಟಿ ಹೀಟರಿಗೆ ಕೈ ಒಡ್ಡಿಕೊಂಡು ಕೂತರು. “ಆ ಹುಡುಗಿ ಪೂರ್ತಿ ಹೇಳಿದ್ಲು. ನಾನು ಕೆಮ್ಮಿದ್ದನ್ನೂ ಹೇಳ್ತಾಳೇನೋ ಅನ್ನಿಸ್ತು.” ಸ್ವಲ್ಪ ನಕ್ಕರು. “ನೀವು ಯಾಕೆ ಹಾಗೆ ಮಾಡಿದ್ರಿ ಅಂತ ಆಫೀಸರ್ ಕೇಳಿದ್ರು. ಮೊದಲನೇ ಸಲ ನನ್ನ ಮೇಲಿನ ಮರ್ಯಾದೆಗೆ, ಎರಡನೇ ಸಲ ಹೆದರಿಕೆಗೆ ಅಂದೆ. ಸುಳ್ಳು ಹೇಳೋ ಹಾಗಿರ್ಲಿಲ್ಲ, ಪ್ರಮಾಣ ಮಾಡಿದ್ದೆ.”

“ಸರಿಯಾಗೇ ಹೇಳಿದೀರಿ ಆಂಟಿ.”

ಹೆದ್ದಾರಿಯ ಎರಡೂ ಬದಿ ಹಿಮ ಕೊಳೆಯಾಗಿ ಬಿದ್ದಿತ್ತು. ಕೆಲವು ಮೈಲಿ ದಾಟಿದ ಮೇಲೆ ನಾನೇ ಕೇಳಿದೆ, “ಅವತ್ತು ದೊಡ್ಡ ಗಡಿಯಾರದ ಮುಂದೆ ಏನಾಯ್ತು ಆಂಟಿ? ನನಗೂ ಹೇಳಿ.”

“ಯಾಕೆ, ಈಗ ಪರೀಕ್ಷೆಗೆ ಬರುತ್ತಾ?”

ಉತ್ತರಕ್ಕೆ ಕಾಯದೆ ಅವರೇ ಶುರು ಮಾಡಿದರು. ಮೂವರಿದ್ದರು, ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಕಾಗದ ಆಂಟಿಯ ಕೈಯಲ್ಲಿತ್ತು. ಜನ ನಿಂತು ನೋಡುತ್ತಿದ್ದರು, ಹತ್ತಿರ ಯಾರೂ ಬರಲಿಲ್ಲ. ‘ಭಾರತದ ಪ್ರಜೆಗಳಾದ ನಾವು’ ಎಂದು ಜೋರಾಗಿ ಓದಿ ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಒಬ್ಬ ಪೇದೆ ಬಂದ.

“ಕೆಟ್ಟವನಲ್ಲ ಅವನು. ಗದರಲಿಲ್ಲ, ಕೈ ಮುಟ್ಟಲಿಲ್ಲ. ನಮ್ಮಪ್ಪನ ವಯಸ್ಸು. ಮೆಲ್ಲಗೆ ಕಾಗದ ತಗೊಂಡು, ‘ಅಷ್ಟು ಸಾಕಮ್ಮ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ’ ಅಂದ.”

ಆಂಟಿ ನನ್ನ ಕಡೆ ನೋಡಲಿಲ್ಲ. ಪಾಠದ ನಡುವೆ ನಾನು ಅವರನ್ನು ತಡೆದ ಶನಿವಾರದ ಆ ಬೆಳಗು ಅವರಿಗೆ ನೆನಪಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಪೂರ್ತಿ ನೆನಪಿತ್ತು.

“ನಮ್ಮ ಎಕ್ಸಿಟ್ ದಾಟಿ ಹೋಯ್ತಲ್ಲಪ್ಪ,” ಎಂದರು ಅವರು.

“ಮುಂದಿನದ್ರಲ್ಲಿ ತಿರುಗಿಸ್ಕೋತೀನಿ. ಆಮೇಲೆ ಏನಾಯ್ತು ಆಂಟಿ?” ಎಂದು ಕೇಳಿದೆ.